ಮೋಟಾರಿಗಾಗಿ ಬೆಳೆದ ಸೈಕಲ್ ದಾರಿ

ನೆದರ್ಲೆಂಡ್ಸಿನ ಉಟ್ರೆಕ್ಟ್ ನಗರದ ಮಾಲಿಬಾನ್ ಬೀದಿಯಲ್ಲಿ 1885ರಲ್ಲಿ ಸೈಕಲ್ಲಿಗೆಂದೇ ಒಂದು ದಾರಿ ತೆರೆಯಿತು. ಆಗ ಬೀದಿಯಲ್ಲಿ ಓಡುತ್ತಿದ್ದದ್ದು ಕುದುರೆಗಾಡಿ. ಮೋಟಾರು ಹೆಚ್ಚಿದ ಮೇಲೆ ಸೈಕಲ್ ದಾರಿಯ ಉದ್ದೇಶವೇ ಬದಲಾಯಿತು. 1930ರ ದಶಕದ ಜರ್ಮನಿಯಲ್ಲಿ ಮೋಟಾರು ಸಂಚಾರ ಸರಾಗವಾಗಲೆಂದು ಸೈಕಲ್ಲುಗಳನ್ನು ಬದಿಗೆ ಸರಿಸಲಾಯಿತು. 1934ರಲ್ಲಿ ಲಂಡನ್ನಿನ ವೆಸ್ಟರ್ನ್ ಅವೆನ್ಯೂ ಬದಿಯಲ್ಲಿ ಇಂಥ ದಾರಿ ತೆರೆದಾಗ ಸೈಕಲ್ ಸವಾರರ ಸಂಘವೇ ವಿರೋಧಿಸಿತು. ಮುಖ್ಯ ರಸ್ತೆಯ ಮೇಲಿನ ತಮ್ಮ ಹಕ್ಕು ಕೈತಪ್ಪೀತೆಂಬ ಅಂಜಿಕೆ ಅದಕ್ಕಿತ್ತು.

ಚಾಲಕರಿಗೆ ಸಿಗುವ ಲಾಭದ ಲೆಕ್ಕ ಸರಳ. ತಾಸಿಗೆ ಸುಮಾರು 15 ಕಿ.ಮೀ. ವೇಗದ ಸೈಕಲ್ಲಿನ ಹಿಂದೆ ಬಂದ ಕಾರು ನಿಧಾನಿಸಬೇಕು, ಇಲ್ಲವೇ ಎದುರು ವಾಹನಗಳ ಕಡೆಗೆ ಹೊರಳಬೇಕು. ದಾರಿ ಬೇರೆಯಾದರೆ ಎರಡೂ ತಪ್ಪುತ್ತವೆ. ನ್ಯೂಯಾರ್ಕಿನ ಎಂಟನೇ ಅವೆನ್ಯೂವಿನಲ್ಲಿ ಸೈಕಲ್ ದಾರಿಯ ಜೊತೆಗೆ ತಿರುವಿಗೂ ಪ್ರತ್ಯೇಕ ಜಾಗ ಕೊಟ್ಟಾಗ ಮೋಟಾರು ಸಂಚಾರದ ಅವಧಿ ಸರಾಸರಿ ಶೇ. 14ರಷ್ಟು ತಗ್ಗಿತೆಂದು ಅಲ್ಲಿನ ಸಾರಿಗೆ ಇಲಾಖೆ 2014ರಲ್ಲಿ ವರದಿ ಮಾಡಿತು. ಅಮೆರಿಕದ 12 ನಗರಗಳ 13 ವರ್ಷಗಳ ಅಂಕಿಅಂಶ ಪರಿಶೀಲಿಸಿದ ಸಂಶೋಧಕರಾದ ವೆಸ್ಲಿ ಮಾರ್ಷಲ್ ಮತ್ತು ನಿಕೊಲಸ್ ಫೆರೆಂಚಾಕ್, ತಡೆ ಹಾಕಿ ಬೇರ್ಪಡಿಸಿದ ಸೈಕಲ್ ದಾರಿ ಹೆಚ್ಚಿರುವಲ್ಲಿ ಕಾರಿನವರೂ ಸೇರಿ ಎಲ್ಲರ ಸಾವಿನ ಪ್ರಮಾಣ ಕಡಿಮೆಯೆಂದು 2019ರಲ್ಲಿ ತೋರಿಸಿದರು.

ಕರ್ನಾಟಕದಲ್ಲಿ ಈ ಪ್ರಯತ್ನ ತಡವಾಗಿ ಮೊದಲಾಯಿತು. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ವಾಹನಗಳಿಗಿಂತ ಜನರ ಓಡಾಟ ಮುಖ್ಯವೆಂದಿತು. 2007ರಲ್ಲಿ ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯ ಹುಟ್ಟಿತು. 2012ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಆದ ಸೈಕಲ್ ದಾರಿಯನ್ನು ನಿಲ್ಲಿಸಿದ ಕಾರು, ಬೈಕುಗಳೇ ಆಕ್ರಮಿಸಿದವು. 2017ರಲ್ಲಿ ಮೈಸೂರಿನ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ಲು ಬಂತು. 2020ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಪ್ಲಾಸ್ಟಿಕ್ ಕಂಬ ನೆಟ್ಟು ಸೈಕಲ್ಲಿಗೆ ಜಾಗ ಬಿಡಿಸಲಾಯಿತು.

ಬೆಳಗಾವಿ 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿ ಸೇರಿತು. ಆದರೆ ಆ ಊರಿನ ಖಾಸಬಾಗದಂಥ ಹಳೆಯ ಭಾಗದಲ್ಲಿ ಸೈಕಲ್ ದಾರಿಯ ಪ್ರಶ್ನೆ ಬೇರೆ. ಶಹಾಪುರ, ವಡಗಾವಿಗಳಂತೆ ಇದೂ ನೇಕಾರರ ನೆಲೆ. ಮನೆಯೊಳಗೇ ಮಗ್ಗ, ಬಾಗಿಲು ದಾಟಿದರೆ ಓಣಿ. ರವಿವಾರದ ಸಂತೆಯ ದಿನ ಕಾಯಿಪಲ್ಲೆಯ ಗಾಡಿ, ಸೈಕಲ್ಲು, ರಿಕ್ಷಾ, ಕಾರುಗಳೆಲ್ಲ ಒಂದೇ ರಸ್ತೆಯನ್ನು ಹಂಚಿಕೊಳ್ಳುತ್ತವೆ. ಇಂಥ ಓಣಿಯನ್ನು ಗೆರೆ ಎಳೆದು ಇಬ್ಭಾಗ ಮಾಡುವಷ್ಟು ಅಗಲವಿಲ್ಲ. ಇಲ್ಲಿ ವೇಗ ತಗ್ಗಿಸುವುದೇ ದಾರಿ. ಪ್ರತ್ಯೇಕ ಪಥ ಹೊಂದುವುದು ಅಗಲವಾದ ಮುಖ್ಯ ರಸ್ತೆಗಳಿಗೆ. ಅಲ್ಲೂ ಅದು ಉಳಿಯಬೇಕಾದರೆ ಗಾಡಿ ನಿಲ್ಲಿಸಲು, ಸರಕು ಇಳಿಸಲು ಬೇರೆ ಜಾಗ ಇರಬೇಕು. ಜಯನಗರದಲ್ಲಿ ಪಥ ಸೋತದ್ದು ಈ ಕಾರಣಕ್ಕೇ.