ಹಾಡುವವರು ಸಿಗದವರ ಹಾಡುಗಾರ್ತಿ: ಜಪಾನಿನ ಕಂಪ್ಯೂಟರ್ ಹಾಡುಗಳ ಕತೆ

2007ರ ಆಗಸ್ಟ್ 31ರಂದು ಜಪಾನಿನ ಉತ್ತರದ ದ್ವೀಪ ಹೊಕ್ಕೈಡೊದ ಸಪ್ಪೊರೊ ನಗರದಿಂದ ಒಂದು ಸಾಫ್ಟ್‌ವೇರ್ ಮಾರಾಟಕ್ಕೆ ಬಂತು. ಡಬ್ಬಿಯ ಮೇಲೆ ನೀಲಿ-ಹಸಿರು ಕೂದಲನ್ನು ಎರಡು ಉದ್ದನೆಯ ಜುಟ್ಟು ಮಾಡಿಕೊಂಡ ಹುಡುಗಿಯ ಚಿತ್ರ. ಹೆಸರು ಹತ್ಸುನೆ ಮಿಕು. ವಯಸ್ಸು 16, ಎತ್ತರ 158 ಸೆಂ.ಮೀ. ಅಂತ ಲೆಕ್ಕವನ್ನೂ ಕೊಟ್ಟಿದ್ದರು. ಇಲ್ಲದ ಹುಡುಗಿಗೆ ಎತ್ತರ ಯಾಕೆ ಅಂತ ಕೇಳಬೇಡಿ. ಆ ಡಬ್ಬಿಯಿಂದ ಹೊರಟ ಹಾಡುಗಳು ಇವತ್ತು ನಮ್ಮ ನಿಮ್ಮ ಫೋನಿನ ರೀಲ್ಸ್‌ವರೆಗೂ ಬಂದಿವೆ.

ಈ ಹಾಡುಗಳನ್ನು ಕೇಳಿಸಿದಾಗ ಹೆಚ್ಚಿನವರು ನಮಗೆ ಹೇಳೋದು ಒಂದೇ ಮಾತು, 'ಓ, ಇದು ಎಐ ಹಾಡು.' ಅಲ್ಲ. ಈ ಹಾಡುಗಳ ಸಾಹಿತ್ಯವನ್ನೂ ರಾಗವನ್ನೂ ಮನುಷ್ಯರೇ ಕೂತು ಕಟ್ಟಿದ್ದಾರೆ. ಯಂತ್ರ ಕೊಟ್ಟಿದ್ದು ಗಂಟಲು ಮಾತ್ರ.

ಆ ಗಂಟಲೂ ಗಾಳಿಯಿಂದ ಹುಟ್ಟಿದ್ದಲ್ಲ. ಬೈಕು, ಪಿಯಾನೊಗಳಿಂದ ನಮಗೆ ಗೊತ್ತಿರುವ ಯಮಾಹಾ ಹೆಸರಿನ ಕಂಪನಿಯು ಸ್ಪೇನಿನ ಬಾರ್ಸಿಲೋನಾದ ವಿಶ್ವವಿದ್ಯಾಲಯವೊಂದರ ಜತೆ ಸೇರಿ 2000ರಲ್ಲಿ ಸಂಶೋಧನೆ ಶುರು ಮಾಡಿತು. ಅದರ ಫಲವೇ ವೊಕಲಾಯ್ಡ್ ಎಂಬ ತಂತ್ರ. ಒಬ್ಬ ಗಾಯಕಿಯನ್ನು ಸ್ಟುಡಿಯೋದಲ್ಲಿ ಕೂರಿಸಿ, ಒಂದು ಸದ್ದಿನಿಂದ ಇನ್ನೊಂದು ಸದ್ದಿಗೆ ಜಾರುವ ಚೂರುಗಳನ್ನು ಒಂದೊಂದಾಗಿ ರೆಕಾರ್ಡ್ ಮಾಡುತ್ತಾರೆ. ಜಪಾನಿ ಭಾಷೆ ನಮ್ಮ ಕಾಗುಣಿತದ ಹಾಗೆ, ಕ ಕಿ ಕು ಕೆ ಕೊ ಅಂತ ಸಾಗುತ್ತದೆ. ಹಾಗಾಗಿ ಒಂದು ಶ್ರುತಿಗೆ ಸುಮಾರು 500 ಚೂರು ಸಾಕು. ಇಂಗ್ಲಿಷಿಗೆ ಸುಮಾರು 2,500 ಬೇಕು. ಆಮೇಲೆ ಕಂಪ್ಯೂಟರಿನಲ್ಲಿ ಸ್ವರಗಳನ್ನು ಸಾಲಾಗಿ ಇಟ್ಟು, ಪ್ರತಿ ಸ್ವರದ ಕೆಳಗೆ ಅಕ್ಷರ ಟೈಪ್ ಮಾಡಿದರೆ ಅದು ಹಾಡುತ್ತದೆ. ಎಲ್ಲಿ ಉಸಿರು, ಎಲ್ಲಿ ಗಮಕ ಅನ್ನೋದನ್ನು ಮಾಡುವವನೇ ಕೈಯಾರೆ ತಿದ್ದಬೇಕು. ಒಂದು ಸಾಲು ಸರಿಹೋಗಲು ಗಂಟೆಗಟ್ಟಲೆ ಹಿಡಿಯುವುದೂ ಉಂಟು.

ಮಿಕುಗೆ ಧ್ವನಿ ಕೊಟ್ಟವರು ಸಾಕಿ ಫುಜಿತಾ ಎಂಬ ಡಬ್ಬಿಂಗ್ ಕಲಾವಿದೆ. ಅವರು ಗೊತ್ತಿದ್ದೇ, ಒಪ್ಪಿಯೇ ಕೊಟ್ಟರು. ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಎಸ್‌ಪಿಬಿ ತೀರಿಕೊಂಡ ಮೇಲೆ ಅವರ ಧ್ವನಿಯನ್ನು ತೆಲುಗು ಸಿನಿಮಾವೊಂದಕ್ಕೆ ಎಐ ಮೂಲಕ ಮಾಡಿಕೊಂಡಿದ್ದಾರೆ, ನಮ್ಮನ್ನು ಕೇಳಲಿಲ್ಲ ಅಂತ ಮನೆಯವರು ನೋಟಿಸ್ ಕೊಟ್ಟಿದ್ದು 2024ರಲ್ಲಿ ಸುದ್ದಿಯಾಯಿತು. ಕೇಳಿ ಪಡೆದ ದನಿ ಬೇರೆ, ಕೇಳದೆ ತೆಗೆದುಕೊಂಡದ್ದು ಬೇರೆ.

ಸಾಫ್ಟ್‌ವೇರ್ ಮಾರಿದ ಕ್ರಿಪ್ಟಾನ್ ಕಂಪನಿ ಇನ್ನೊಂದು ಜಾಣತನ ಮಾಡಿತು. ಮಿಕುವಿನ ಚಿತ್ರವನ್ನು ಲಾಭದ ಉದ್ದೇಶವಿಲ್ಲದೆ ಯಾರು ಬೇಕಾದರೂ ಬರೆಯಬಹುದು, ಬಳಸಬಹುದು ಅಂತ ಬಿಟ್ಟುಕೊಟ್ಟಿತು. ಹಾಡು ಕಟ್ಟಿದವರದೇ ಹಾಡು. ನಿಕೊನಿಕೊ ಎಂಬ ವಿಡಿಯೊ ತಾಣ ಆಗಷ್ಟೇ ಜೋರಾಗುತ್ತಿತ್ತು. ರಾಗ ಕಟ್ಟಲು ಬರುತ್ತದೆ, ಹಾಡುವವರು ಗೊತ್ತಿಲ್ಲ, ಸ್ಟುಡಿಯೋಗೆ ದುಡ್ಡಿಲ್ಲ ಅನ್ನುವ ಹುಡುಗರು ತಮ್ಮ ರೂಮಿನಿಂದಲೇ ಹಾಡು ಹಾಕತೊಡಗಿದರು.

ಈಗ ಕೇಳುವ ವಿಷಯಕ್ಕೆ ಬರೋಣ. ಮೊದಲು 'ಮೆಲ್ಟ್' ಕೇಳಿ. 2007ರ ಡಿಸೆಂಬರಿನಲ್ಲಿ ರ್‍ಯೊ ಎಂಬಾತ ಹಾಕಿದ್ದು. ಅದಕ್ಕೂ ಮುಂಚೆ ಬಹಳಷ್ಟು ಹಾಡುಗಳಲ್ಲಿ ಮಿಕು 'ನಾನೊಂದು ಯಂತ್ರ' ಅಂತಲೇ ಹಾಡುತ್ತಿದ್ದಳು. ಇದರಲ್ಲಿ ಮಾತ್ರ ಮಳೆ, ಒಂದೇ ಕೊಡೆ, ಪಕ್ಕದಲ್ಲಿ ಇಷ್ಟವಾದ ಹುಡುಗ, ಅಷ್ಟೇ. ಜನ ಇದನ್ನು ತಾವೇ ಹಾಡಿ ಹಾಕಲು ಮುಗಿಬಿದ್ದರು. ಯಂತ್ರ ಹಾಡಿದ್ದನ್ನು ಮನುಷ್ಯರು ಕಲಿತು ಹಾಡುವ ಪದ್ಧತಿ ಹಬ್ಬಿದ್ದು ಈ ಹಾಡಿನಿಂದ.

ಅದರ ಬೆನ್ನಿಗೇ ಇದಕ್ಕೆ ತೀರಾ ವಿರುದ್ಧವಾದದ್ದನ್ನು ಕೇಳಿ. ಕಾಸ್ಮೊ ಎಂಬಾತನ 'ಹತ್ಸುನೆ ಮಿಕುವಿನ ಕಣ್ಮರೆ', 2008ರದ್ದು. ಅಳಿಸಿಹೋಗುತ್ತಿರುವ ಸಾಫ್ಟ್‌ವೇರ್ ವಿದಾಯ ಹೇಳುವ ಹಾಡು. ಮಾತುಗಳು ಎಷ್ಟು ಬಿರುಸು ಅಂದರೆ ಮನುಷ್ಯರಿಗೆ ಉಸಿರು ತೆಗೆದುಕೊಳ್ಳಲು ಜಾಗವೇ ಇಲ್ಲ. ಯಂತ್ರಕ್ಕೆ ಉಸಿರು ಬೇಡ ಅನ್ನೋ ಕೊರತೆಯನ್ನೇ ಕಲೆಗೆ ಬಳಸಿದ್ದಾನೆ. ಮೊದಲ ಸಲ ಗಲಾಟೆ ಅನ್ನಿಸುತ್ತದೆ, ಇರಲಿ, ಎರಡನೇ ಸಲ ಕೇಳಿ.

ನಮಗೆ ಎಲ್ಲಕ್ಕಿಂತ ಹತ್ತಿರವಾದದ್ದು ಅದೇ ವರ್ಷದ 'ದುಷ್ಟತನದ ಸೇವಕ'. ಮೋಥಿ ಎಂಬಾತ ಕಟ್ಟಿದ್ದು. ರಿನ್, ಲೆನ್ ಅಂತ ಕ್ರಿಪ್ಟಾನಿನವರೇ ತಂದ ಇನ್ನೆರಡು ದನಿಗಳಿವೆ. ಈ ಹಾಡು ಹೇಳುವುದು ಹುಡುಗನ ದನಿಯ ಲೆನ್. ಅವಳಿ ಮಕ್ಕಳು ಬೇರೆಯಾಗಿ, ಅಕ್ಕ ದೊರೆಸಾನಿ, ತಮ್ಮ ಅವಳ ಸೇವಕ. ಅವಳ ದಬ್ಬಾಳಿಕೆಗೆ ಜನ ದಂಗೆ ಏಳುತ್ತಾರೆ. ತಮ್ಮ ಅಕ್ಕನ ಬಟ್ಟೆ ಉಟ್ಟು, ಅವಳ ಬದಲು ತಾನೇ ತಲೆ ಕೊಡುತ್ತಾನೆ. 'ಕೆರೆಗೆ ಹಾರ' ಕೇಳಿ ಬೆಳೆದವರಿಗೆ ಈ ಜಾಡು ಹೊಸದೇನಲ್ಲ. ಆದರೆ ಭಾಗೀರಥಿಯ ಮೇಲೆ ತಪ್ಪೇ ಇರಲಿಲ್ಲ, ಇಲ್ಲಿ ಉಳಿದುಕೊಂಡವಳ ಮೇಲೆ ಊರೆಲ್ಲರ ಸಾವಿನ ಭಾರವಿದೆ. ಇದಕ್ಕೂ ಮುಂಚೆ ಅದೇ ಕತೆಯನ್ನು ಅಕ್ಕನ ಕಡೆಯಿಂದ ಹೇಳುವ 'ದುಷ್ಟತನದ ಮಗಳು' ಬಂದಿತ್ತು. ಅದನ್ನು ಮೊದಲು ಕೇಳಿ, ಆಮೇಲೆ ಇದು.

2010ರ 'ರೋಲಿಂಗ್ ಗರ್ಲ್' ಮಾಡಿದ ವೊವಾಕ 2019ರಲ್ಲಿ, 31ನೇ ವಯಸ್ಸಿಗೇ ತೀರಿಕೊಂಡರು. ಸೋತು ಸೋತು ಮತ್ತೆ ಉರುಳಲು ಹೊರಡುವ ಹುಡುಗಿಯ ಹಾಡು. ಮನಸ್ಸು ಭಾರವಿರುವ ದಿನ ಬೇಡ. ಅದೇ ವರ್ಷ 'ಮತ್ರ್ಯೋಷ್ಕಾ' ಮಾಡಿದ ಹಾಚಿ ಎಂಬ ಹುಡುಗ ಆಮೇಲೆ ಕೆಂಶಿ ಯೊನೆಜು ಎಂಬ ಸ್ವಂತ ಹೆಸರಿನಲ್ಲಿ ತಾನೇ ಹಾಡತೊಡಗಿ, ಇಡೀ ಜಪಾನಿಗೆ ಮನೆಮಾತಾದ. 2018ರ ಡಿಸೆಂಬರ್ 31ರ ರಾತ್ರಿ, ದೇಶವೆಲ್ಲ ಟಿವಿ ಮುಂದೆ ಕೂರುವ ಎನ್‌ಎಚ್‌ಕೆ ಸಂಗೀತ ಕಾರ್ಯಕ್ರಮದಲ್ಲಿ ಆತ ಹಾಡಿದ್ದು ಟೋಕಿಯೊದ ವೇದಿಕೆಯಿಂದಲ್ಲ, ತನ್ನ ಹುಟ್ಟಿದ ಸೀಮೆ ತೊಕುಶಿಮಾದಿಂದ. ಜಿಲ್ಲೆಯಲ್ಲಿ ಕೂತು ಬರೆಯುವ ನಮಗೆ ಈ ಸಂಗತಿ ಕಂಡರೆ ತುಸು ಜಾಸ್ತಿಯೇ ಖುಷಿ.

ಅದೇ ಕಾರ್ಯಕ್ರಮದಲ್ಲಿ ಮೂರು ವರ್ಷ ಮೊದಲೇ ಇನ್ನೊಂದು ನಡೆದಿತ್ತು. 2011ರಲ್ಲಿ ಕುರೊಉಸ ಎಂಬಾತ ಮಿಕುವಿನಿಂದ ಹಾಡಿಸಿದ 'ಸೆಂಬೊನ್‌ಜಕುರಾ', ಅಂದರೆ ಸಾವಿರ ಚೆರ್ರಿ ಮರ, ಅದನ್ನು 2015ರಲ್ಲಿ ಹಿರಿಯ ಗಾಯಕಿ ಸಚಿಕೊ ಕೊಬಯಾಶಿ ಹಾಡಿದರು. ಮಕ್ಕಳು ಕಂಪ್ಯೂಟರಿನಲ್ಲಿ ಕೇಳುತ್ತಿದ್ದುದು ಅಜ್ಜಿಯರ ಟಿವಿಗೆ ಬಂತು. ಮರುವರ್ಷ ಈ ಹಾಡಿನ ಜಗತ್ತನ್ನು ಹಳೆಯ ಕಾಬುಕಿ ನಾಟಕದೊಂದಿಗೆ ಬೆಸೆದು ಆಟ ಕಟ್ಟಿದರು. ನಿಜವಾದ ಕಾಬುಕಿ ನಟರ ಎದುರು ಪರದೆಯ ಮೇಲಿನ ಮಿಕು ಪಾತ್ರಧಾರಿ. ನಮ್ಮ ಯಕ್ಷಗಾನ ಮೇಳದಲ್ಲಿ ಇಂಥದ್ದು ಮಾಡಿದರೆ ಎಷ್ಟು ಜಗಳವಾದೀತು ಅಂತ ನಾವು ಯೋಚಿಸಿದ್ದುಂಟು.

ಹಾಡಿಗಿಂತ ದೊಡ್ಡದೊಂದು ಇದೆ, ಪುರುಸೊತ್ತಿದ್ದಾಗ ಕೇಳಿ. 'ಇಹಾತೊವ್ ಸಿಂಫನಿ'. ಇಸಾವೊ ತೊಮಿತಾ ಎಂಬ ಹಿರಿಯ ಸಂಗೀತಗಾರರು 2012ರ ನವೆಂಬರಿನಲ್ಲಿ, 80ನೇ ವಯಸ್ಸಿನಲ್ಲಿ ಟೋಕಿಯೊದಲ್ಲಿ ನಡೆಸಿದ್ದು. ಮೂಲ ಕೆಂಜಿ ಮಿಯಾಜಾವಾ ಅವರ ಬರಹ. ಅವರು ಇವಾತೆ ಸೀಮೆಯ ಕೃಷಿ ಶಾಲೆಯಲ್ಲಿ ಮೇಷ್ಟರಾಗಿದ್ದು, ಆಮೇಲೆ ರೈತರಿಗೆ ಗೊಬ್ಬರದ ಸಲಹೆ ಕೊಡುತ್ತ ತಿರುಗಿ, 1933ರಲ್ಲಿ 37ನೇ ವಯಸ್ಸಿಗೇ ಹೋದ ಕವಿ. ಇಹಾತೊವ್ ಅನ್ನೋದು ತಮ್ಮ ಬಡ ಸೀಮೆಗೆ ಅವರು ಇಟ್ಟ ಕನಸಿನ ಹೆಸರು. ಆ ಕನಸಿನ ಊರಿನ ದನಿಗೆ ತೊಮಿತಾ ಆರಿಸಿಕೊಂಡದ್ದು ಮಿಕುವನ್ನು. ಸಾಮಾನ್ಯವಾಗಿ ಯಂತ್ರದ ತಾಳಕ್ಕೆ ವಾದ್ಯದವರು ಹೊಂದಿಕೊಳ್ಳಬೇಕಾಗುತ್ತದೆ. ಇಲ್ಲಿ ಉಲ್ಟಾ, ಸಂಗೀತ ನಡೆಸುವವರ ಕೋಲಿನ ಸನ್ನೆಗೆ ತಕ್ಕಂತೆ ಮಿಕು ಹಾಡುವ ಹಾಗೆ ವ್ಯವಸ್ಥೆ ಮಾಡಿದ್ದರು.

ಕೊನೆಗೆ ಒಂದು ತಮಾಷೆ. 2008ರ ಏಪ್ರಿಲ್ ಫೂಲ್ ದಿನ ಕೆಲವರು 'ಹೊಸ ಹಾಡುಗಾರ್ತಿ ಬಂದಿದ್ದಾಳೆ' ಅಂತ ಕಸಾನೆ ತೆತೊ ಎಂಬ ಸುಳ್ಳು ಪಾತ್ರ ಹುಟ್ಟಿಸಿದರು. ಆಮೇಲೆ ಉಟಾವು ಎಂಬ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಅವಳಿಗೆ ನಿಜವಾಗಿಯೂ ದನಿ ಮಾಡಿದರು. 2023ರಲ್ಲಿ ಅವಳ ದನಿ ಹೊಸ ತಂತ್ರದಲ್ಲಿ, ಕಾಸು ಕೊಟ್ಟು ಕೊಳ್ಳುವ ಸರಕಾಗಿ ಬಂತು. 2024ರಲ್ಲಿ ಮಿಕು ಜತೆ ಅವಳು ಹಾಡಿದ 'ಮೆಸ್ಮರೈಸರ್' ಯೂಟ್ಯೂಬಿನಲ್ಲಿ 10 ಕೋಟಿ ವೀಕ್ಷಣೆ ದಾಟಿದೆ. ಬಣ್ಣ ನೋಡಿ ಮಕ್ಕಳ ಹಾಡು ಅಂದುಕೊಳ್ಳಬೇಡಿ. ಹಾಡು ಮುಂದೆ ಹೋದಂತೆ ಆ ಇಬ್ಬರ ಮುಖದ ನಗು ಏನಾಗುತ್ತದೆ ನೋಡುತ್ತಿರಿ.