ಅಗ್ಗದ ಪ್ರೊಸೆಸರಿನ ವೇಗವೃದ್ಧಿ ಮತ್ತು ಸ್ಥಿರತೆಯ ಪರೀಕ್ಷೆ: ಒಂದು ಚಾರಿತ್ರಿಕ ಅಧ್ಯಯನ

ಪೀಠಿಕೆ

ಕಂಪ್ಯೂಟರಿನ ಪ್ರೊಸೆಸರನ್ನು ಅದರ ತಯಾರಕರು ಗೊತ್ತುಪಡಿಸಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಪ್ರೊಸೆಸರಿನೊಳಗೆ ನಡೆಯುವ ಪ್ರತಿಯೊಂದು ಕೆಲಸವೂ ಒಂದು ಗಡಿಯಾರ ಸಂಕೇತದ ಮಿಡಿತಕ್ಕೆ ಹೊಂದಿಕೊಂಡೇ ನಡೆಯಬೇಕು. ಸೆಕೆಂಡಿಗೆ ಹತ್ತು ಲಕ್ಷ ಮಿಡಿತಗಳಾದರೆ ಅದು ಒಂದು ಮೆಗಾಹರ್ಟ್ಸ್, ನೂರು ಕೋಟಿಯಾದರೆ ಒಂದು ಗಿಗಾಹರ್ಟ್ಸ್. ಈ ಮಿಡಿತವನ್ನು ಚುರುಕುಗೊಳಿಸಿ, ಕಡಿಮೆ ಬೆಲೆಯ ಯಂತ್ರದಿಂದ ಹೆಚ್ಚು ಬೆಲೆಯ ಯಂತ್ರದ ಕೆಲಸವನ್ನು ಪಡೆಯುವ ಪ್ರಯತ್ನಕ್ಕೆ ನಾಲ್ಕು ದಶಕಗಳ ಚರಿತ್ರೆಯಿದೆ. ಆ ಚರಿತ್ರೆಯನ್ನು ವೇಗದ ದಾಖಲೆಗಳ ಸರಣಿಯಾಗಿ ಹೇಳುವುದು ವಾಡಿಕೆ. ಆದರೆ ವೇಗ ಹೆಚ್ಚಿಸುವ ಉಪಾಯಗಳು ಕಾಲಕಾಲಕ್ಕೆ ಬದಲಾಗಿರುವಾಗ, ಹೆಚ್ಚಿಸಿದ ವೇಗದಲ್ಲಿ ಯಂತ್ರ ಕೊಡುವ ಉತ್ತರ ಸರಿಯೇ ಎಂದು ನೋಡುವ ಹೊಣೆ ಮಾತ್ರ ಮೊದಲಿನಿಂದಲೂ ಬಳಕೆದಾರನ ಹೆಗಲ ಮೇಲೆಯೇ ಉಳಿದಿದೆ. ಓವರ್‌ಕ್ಲಾಕಿಂಗ್‌ನ ಚರಿತ್ರೆಯ ತಿರುಳು ಈ ಪರೀಕ್ಷೆಯ ಹೊಣೆಯಲ್ಲಿದೆ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

ನಮೂದಿತ ವೇಗದ ಅರ್ಥ

ಪ್ರೊಸೆಸರಿನ ಮೇಲೆ ಅಚ್ಚಾದ ವೇಗದ ಅಂಕಿ ತಯಾರಕ ಕೊಡುವ ಭರವಸೆಯೇ ಹೊರತು ಸಿಲಿಕಾನಿನ ಕಟ್ಟಕಡೆಯ ಮಿತಿಯಲ್ಲ. ಒಂದೇ ಆವಿಗೆಯಲ್ಲಿ ಸುಟ್ಟ ಮಡಕೆಗಳಲ್ಲಿ ಕೆಲವು ಹೆಚ್ಚು ಬೆಂದು ಕೆಲವು ಕಡಿಮೆ ಬೇಯುವಂತೆ, ಸಿಲಿಕಾನಿನ ಒಂದೇ ಬಿಲ್ಲೆಯಿಂದ ಕತ್ತರಿಸಿ ತೆಗೆದ ಚಿಪ್ಪುಗಳಲ್ಲೂ ಕೆಲವು ಹೆಚ್ಚಿನ ವೇಗವನ್ನು ತಾಳುತ್ತವೆ, ಕೆಲವು ತಾಳುವುದಿಲ್ಲ. ಆದ್ದರಿಂದ ಕಾರ್ಖಾನೆಯಲ್ಲಿ ಪ್ರತಿಯೊಂದನ್ನೂ ಪರೀಕ್ಷಿಸಿ ದರ್ಜೆವಾರು ವಿಂಗಡಿಸುತ್ತಾರೆ. ಬೆಂಗಳೂರಿನ ಇಂಟೆಲ್ ಕೇಂದ್ರದಲ್ಲಿ ವಿನ್ಯಾಸಗೊಂಡು 2008ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಆರು ಕೋರ್‌ಗಳ ಝಿಯಾನ್ 7400 ಸರಣಿಯ ಚಿಪ್ಪಿನಲ್ಲಿ ಸುಮಾರು 190 ಕೋಟಿ ಟ್ರಾನ್ಸಿಸ್ಟರುಗಳಿದ್ದವು ಎಂಬುದನ್ನು ನೆನೆದರೆ, ಅಷ್ಟೂ ದಾರಿಗಳನ್ನು ಎಲ್ಲ ಉಷ್ಣತೆಗಳಲ್ಲೂ ಒಂದೊಂದಾಗಿ ಪರೀಕ್ಷಿಸುವುದು ಅಸಾಧ್ಯವೆಂಬುದು ತಿಳಿಯುತ್ತದೆ. ಈ ಕಾರಣಕ್ಕೆ ತಯಾರಕರು ನಿಜವಾದ ಸಾಮರ್ಥ್ಯಕ್ಕಿಂತ ಒಂದಿಷ್ಟು ಕಡಿಮೆ ವೇಗವನ್ನೇ ನಮೂದಿಸಿ, ನಡುವೆ ಸುರಕ್ಷತೆಯ ಅಂತರವನ್ನು ಉಳಿಸಿಕೊಳ್ಳುತ್ತಾರೆ. ಇದಲ್ಲದೆ, ಉತ್ಪಾದನೆ ಪಳಗಿದಂತೆ ಬಹುಪಾಲು ಚಿಪ್ಪುಗಳು ಮೇಲಿನ ದರ್ಜೆಗೆ ಅರ್ಹವಾಗಿದ್ದರೂ, ಅಗ್ಗದ ಮಾಲಿಗೆ ಬೇಡಿಕೆ ಹೆಚ್ಚಿದ್ದರೆ ಅವನ್ನೇ ಕೆಳಗಿನ ದರ್ಜೆಯ ಹೆಸರಿನಲ್ಲಿ ಮಾರುವುದುಂಟು. ಅಗ್ಗದ ಪ್ರೊಸೆಸರಿನಲ್ಲಿ ಅಡಗಿರುವ ಹೆಚ್ಚುವರಿ ವೇಗದ ಮೂಲ ಇದೇ.

ಹರಳಿನಿಂದ ಗುಣಕದವರೆಗೆ

1981ರ ಆಗಸ್ಟಿನಲ್ಲಿ ಬಂದ ಐಬಿಎಂ ಪಿಸಿಯ 8088 ಪ್ರೊಸೆಸರು 4.77 ಮೆಗಾಹರ್ಟ್ಸ್ ವೇಗದಲ್ಲಿ ಓಡುತ್ತಿತ್ತು, 14.318 ಮೆಗಾಹರ್ಟ್ಸ್‌ನ ಸ್ಫಟಿಕದ ಹರಳಿನ ಮಿಡಿತವನ್ನು ಮೂರರಿಂದ ಭಾಗಿಸಿ ಈ ವೇಗವನ್ನು ಪಡೆಯಲಾಗಿತ್ತು. 1984ರ ಐಬಿಎಂ ಎಟಿ ಯಂತ್ರದಲ್ಲಿ 80286 ಪ್ರೊಸೆಸರು 6 ಮೆಗಾಹರ್ಟ್ಸ್‌ನಲ್ಲಿದ್ದು, ಅದಕ್ಕೆ ಮಿಡಿತ ಕೊಡುತ್ತಿದ್ದದ್ದು 12 ಮೆಗಾಹರ್ಟ್ಸ್‌ನ ಹರಳು. ಆ ಹರಳನ್ನು ಕಿತ್ತು 16 ಮೆಗಾಹರ್ಟ್ಸ್‌ನ ಹರಳನ್ನು ಕೂರಿಸಿದರೆ ಪ್ರೊಸೆಸರು 8 ಮೆಗಾಹರ್ಟ್ಸ್‌ಗೆ ಏರುತ್ತದೆಂಬುದನ್ನು ಬಳಕೆದಾರರು ಬೇಗನೆ ಕಂಡುಕೊಂಡರು. ಇದನ್ನು ತಡೆಯಲು ಐಬಿಎಂ, ಯಂತ್ರ ಶುರುವಾಗುವಾಗ ಮೊದಲು ಓಡುವ ಬಯೋಸ್ ಎಂಬ ಮೂಲ ತಂತ್ರಾಂಶದಲ್ಲಿ ವೇಗದ ತಪಾಸಣೆಯನ್ನು ಸೇರಿಸಿತು. ಬಳಕೆದಾರ ಬಾಗಿಲು ತೆರೆಯುವುದು, ತಯಾರಕ ಚಿಲಕ ಹಾಕುವುದು ಎಂಬ ದೀರ್ಘ ಹಗ್ಗಜಗ್ಗಾಟ ಇಲ್ಲಿಂದ ಆರಂಭವಾಯಿತೆನ್ನಬಹುದು.

1992ರಲ್ಲಿ ಬಂದ 486 ಡಿಎಕ್ಸ್2 ಪ್ರೊಸೆಸರಿನೊಂದಿಗೆ ವ್ಯವಸ್ಥೆಯೇ ಬದಲಾಯಿತು. ಮದರ್‌ಬೋರ್ಡಿನ ಬಸ್, ಅಂದರೆ ಪ್ರೊಸೆಸರನ್ನು ಮೆಮೊರಿ ಮೊದಲಾದವುಗಳಿಗೆ ಜೋಡಿಸುವ ಸಂಪರ್ಕದ ಹಾದಿ, ಒಂದು ವೇಗದಲ್ಲಿದ್ದರೆ ಪ್ರೊಸೆಸರು ತನ್ನೊಳಗೆ ಅದರ ಎರಡರಷ್ಟು ವೇಗದಲ್ಲಿ ಓಡತೊಡಗಿತು. ಹೀಗೆ ಬಸ್ಸಿನ ವೇಗವನ್ನು ಗುಣಿಸುವ ಸಂಖ್ಯೆಗೆ ಗುಣಕ ಅಥವಾ ಮಲ್ಟಿಪ್ಲಯರ್ ಎನ್ನುತ್ತಾರೆ. ಅಲ್ಲಿಂದ ಮುಂದೆ ವೇಗ ಹೆಚ್ಚಿಸಲು ಎರಡು ದಾರಿಗಳಾದವು: ಗುಣಕವನ್ನು ಏರಿಸುವುದು, ಇಲ್ಲವೆ ಬಸ್ಸನ್ನೇ ಚುರುಕುಗೊಳಿಸುವುದು. ಕಡಿಮೆ ದರ್ಜೆಯ ಚಿಪ್ಪಿನ ಗುರುತು ಅಳಿಸಿ ಮೇಲಿನ ದರ್ಜೆಯ ಅಂಕಿ ಅಚ್ಚೊತ್ತಿ ಮಾರುವ ವಂಚನೆಯೂ ಈ ದಶಕದಲ್ಲಿ ಹಬ್ಬಿತು. 1990ರ ದಶಕ ಮುಗಿಯುವ ವೇಳೆಗೆ ಇಂಟೆಲ್ ತನ್ನ ಪ್ರೊಸೆಸರುಗಳ ಗುಣಕವನ್ನು ಬದಲಿಸಲಾಗದಂತೆ ಬಿಗಿಮಾಡಿದ್ದರಿಂದ, ಬಳಕೆದಾರನಿಗೆ ಉಳಿದದ್ದು ಬಸ್ಸಿನ ದಾರಿಯೊಂದೇ.

1998: ಸೆಲೆರಾನ್ 300ಎ

ಈ ಚರಿತ್ರೆಯಲ್ಲಿ ಅತ್ಯಂತ ಮಹತ್ವದ ಘಟ್ಟ 1998. ಆ ವರ್ಷದ ಏಪ್ರಿಲ್‌ನಲ್ಲಿ ಇಂಟೆಲ್ ತಂದ ಮೊದಲ ಸೆಲೆರಾನ್‌ನಲ್ಲಿ ಎರಡನೇ ಹಂತದ ಕ್ಯಾಶ್, ಅಂದರೆ ಪದೇ ಪದೇ ಬೇಕಾಗುವ ಮಾಹಿತಿಯನ್ನು ಪ್ರೊಸೆಸರಿನ ಕೈಯಳತೆಯಲ್ಲೇ ಇರಿಸುವ ಚಿಕ್ಕ ಮೆಮೊರಿ, ಇರಲೇ ಇಲ್ಲ. ಹೀಗಾಗಿ ಅದು ನಿಧಾನವೆಂಬ ಅಪಖ್ಯಾತಿ ಪಡೆಯಿತು. ಆಗಸ್ಟ್ 24ರಂದು ಬಿಡುಗಡೆಯಾದ ಸೆಲೆರಾನ್ 300ಎ ಆ ಕೊರತೆಯನ್ನು ನೀಗಿಸಿತು. ಅದರಲ್ಲಿದ್ದ ಕ್ಯಾಶ್ 128 ಕಿಲೋಬೈಟ್ ಮಾತ್ರವಾದರೂ, ಅದು ಚಿಪ್ಪಿನೊಳಗೇ ಇದ್ದು ಪ್ರೊಸೆಸರಿನ ಪೂರ್ಣ ವೇಗದಲ್ಲಿ ಓಡುತ್ತಿತ್ತು; ದುಬಾರಿಯಾದ ಪೆಂಟಿಯಂ 2ರ 512 ಕಿಲೋಬೈಟ್ ಕ್ಯಾಶ್ ಪ್ರತ್ಯೇಕ ಚಿಪ್ಪುಗಳಲ್ಲಿದ್ದು ಅರ್ಧ ವೇಗದಲ್ಲಿ ಓಡುತ್ತಿತ್ತು.

ಇದರ ಲೆಕ್ಕ ಸರಳವಾಗಿತ್ತು. 300ಎ ಪ್ರೊಸೆಸರಿನ ಗುಣಕ 4.5, ಬಸ್ಸಿನ ವೇಗ 66 ಮೆಗಾಹರ್ಟ್ಸ್. ಬಸ್ಸನ್ನು 100ಕ್ಕೆ ಏರಿಸಿದರೆ ಪ್ರೊಸೆಸರು 450 ಮೆಗಾಹರ್ಟ್ಸ್‌ಗೆ, ಎಂದರೆ ನಮೂದಿತ ವೇಗದ ಒಂದೂವರೆ ಪಟ್ಟಿಗೆ, ಏರುತ್ತಿತ್ತು. ಅದೇ ದಿನ ಬಿಡುಗಡೆಯಾದ 450 ಮೆಗಾಹರ್ಟ್ಸ್ ಪೆಂಟಿಯಂ 2ರ ಸಗಟು ಬೆಲೆ 669 ಡಾಲರ್ ಆಗಿದ್ದರೆ 300ಎ ಬೆಲೆ 149 ಡಾಲರ್ ಆಗಿತ್ತು. ಈ ಏರಿಕೆ ಉಳಿದ ಭಾಗಗಳನ್ನು ಕೆಡಿಸಲಿಲ್ಲವೆಂಬುದೂ ಗಮನಾರ್ಹ. ಹಾರ್ಡ್‌ಡಿಸ್ಕ್ ಮೊದಲಾದವುಗಳ ಪಿಸಿಐ ಹಾದಿ 33 ಮೆಗಾಹರ್ಟ್ಸ್‌ನಲ್ಲಿರಬೇಕಿತ್ತು. ಬಸ್ 66ರಲ್ಲಿರುವಾಗ ಅದನ್ನು ಎರಡರಿಂದಲೂ 100ರಲ್ಲಿರುವಾಗ ಮೂರರಿಂದಲೂ ಭಾಗಿಸಿದರೆ ಅದೇ 33 ಬರುತ್ತಿತ್ತು. ನಡುವಿನ 83ಕ್ಕೆ ಏರಿಸಿದರೆ ಪಿಸಿಐ 41 ದಾಟಿ, ಡಿಸ್ಕಿನಲ್ಲಿ ಬರೆದ ಮಾಹಿತಿಯೇ ಹಾಳಾಗುವ ಅಪಾಯವಿತ್ತು. ಕಡಿಮೆ ಏರಿಕೆಗಿಂತ ಹೆಚ್ಚಿನ ಏರಿಕೆಯೇ ಸುರಕ್ಷಿತವಾಗಿದ್ದ ಅಪರೂಪದ ಸಂದರ್ಭವಿದು.

ಅಬಿಟ್ ಕಂಪನಿಯ ಬಿಎಚ್6ನಂಥ ಮದರ್‌ಬೋರ್ಡುಗಳಲ್ಲಿ ಈ ಬದಲಾವಣೆಯನ್ನು ಬಯೋಸ್ ಪರದೆಯಲ್ಲೇ ಮಾಡಬಹುದಾಗಿತ್ತು. ಆ ಸೌಲಭ್ಯವಿಲ್ಲದ ಬೋರ್ಡುಗಳಲ್ಲಿ, ಪ್ರೊಸೆಸರ್ ಕಾರ್ಡಿನ ಅಂಚಿನ ಬಿ21 ಎಂಬ ಒಂದೇ ಒಂದು ಸಂಪರ್ಕಬಿಂದುವಿನ ಮೇಲೆ ಸಣ್ಣ ಟೇಪಿನ ಚೂರು ಅಂಟಿಸಿದರೆ, ಬೋರ್ಡು ಅದನ್ನು 100 ಮೆಗಾಹರ್ಟ್ಸ್ ಬಸ್ಸಿನ ಪ್ರೊಸೆಸರೆಂದೇ ಗ್ರಹಿಸುತ್ತಿತ್ತು.

ಪೆನ್ಸಿಲ್ ಗೆರೆ ಮತ್ತು ಅನಂತರದ ಕಾಲ

ಎಎಂಡಿ ಕಂಪನಿ 2000ದ ಜೂನಿನಲ್ಲಿ ತಂದ ಅಗ್ಗದ ಡ್ಯುರಾನ್ ಪ್ರೊಸೆಸರಿನಲ್ಲಿ ಗುಣಕದ ಬೀಗ ಕಣ್ಣಿಗೆ ಕಾಣುವಂತೆಯೇ ಇತ್ತು. ಚಿಪ್ಪಿನ ಮೇಲ್ಮೈಯಲ್ಲಿ ಎಲ್1 ಎಂಬ ಗುರುತಿನಡಿ ಎದುರುಬದುರಾಗಿದ್ದ ಚುಕ್ಕೆಗಳ ನಡುವಿನ ತಂತಿಗಳನ್ನು ಕಾರ್ಖಾನೆಯಲ್ಲಿ ಕತ್ತರಿಸಿರುತ್ತಿದ್ದರು. ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟ್ ವಿದ್ಯುತ್ ಹರಿಯಗೊಡುವುದರಿಂದ, ಚೂಪಾದ ಪೆನ್ಸಿಲಿನಿಂದ ಆ ಚುಕ್ಕೆಗಳ ನಡುವೆ ಒತ್ತಿ ಗೆರೆ ಎಳೆದರೆ ಬೀಗ ತೆರೆಯುತ್ತಿತ್ತು. ಗೆರೆ ಪಕ್ಕದ ಚುಕ್ಕೆಗೆ ತಾಗಿದರೆ ರಬ್ಬರಿನಿಂದ ಅಳಿಸಿ ಮತ್ತೆ ಎಳೆಯಬಹುದಾಗಿತ್ತು. 2001ರ ಅಥ್ಲಾನ್ ಎಕ್ಸ್‌ಪಿಯಲ್ಲಿ ಆ ಜಾಗದಲ್ಲಿ ಸಣ್ಣ ಗುಳಿಗಳು ಬಂದು, ಬರೀ ಪೆನ್ಸಿಲಿನಿಂದ ಆ ಕೆಲಸ ಆಗದಂತಾಯಿತು.

2007ರ ಪೆಂಟಿಯಂ ಡ್ಯುಯಲ್‌ಕೋರ್ ಇ2160 ಬಸ್ಸಿನ ದಾರಿಯ ಕೊನೆಯ ಫಲಗಳಲ್ಲೊಂದು. 200 ಮೆಗಾಹರ್ಟ್ಸ್ ಬಸ್ ಮತ್ತು 9ರ ಗುಣಕದ ಈ 1.8 ಗಿಗಾಹರ್ಟ್ಸ್ ಪ್ರೊಸೆಸರು, ಬಸ್ 333ಕ್ಕೇರಿದಾಗ 3 ಗಿಗಾಹರ್ಟ್ಸ್ ಮುಟ್ಟುತ್ತಿತ್ತು. 2011ರ ಜನವರಿಯಲ್ಲಿ ಬಂದ ಇಂಟೆಲಿನ ಸ್ಯಾಂಡಿಬ್ರಿಡ್ಜ್ ಪೀಳಿಗೆಯಲ್ಲಿ ಎಲ್ಲ ಭಾಗಗಳ ಮಿಡಿತವೂ ಒಂದೇ ಮೂಲಕ್ಕೆ ಕಟ್ಟುಬಿದ್ದಿದ್ದರಿಂದ ಆ ದಾರಿ ಮುಚ್ಚಿತು. ವೇಗ ಹೆಚ್ಚಿಸಬೇಕೆಂದರೆ ಕೆ ಅಕ್ಷರದ ದುಬಾರಿ ಮಾದರಿಗಳನ್ನೇ ಕೊಳ್ಳಬೇಕಾಯಿತು. 2014ರಲ್ಲಿ ಪೆಂಟಿಯಂ ಹೆಸರಿನ ಎರಡು ದಶಕಗಳ ನೆನಪಿಗೆ ಬಂದ, ಗುಣಕ ತೆರೆದಿಟ್ಟ ಜಿ3258 ಇದಕ್ಕೆ ಅಪವಾದ. 2017ರಿಂದ ಎಎಂಡಿ ತನ್ನ ರೈಜನ್ ಸರಣಿಯ ಗುಣಕವನ್ನು ಅಗ್ಗದ ಮಾದರಿಗಳಲ್ಲೂ ತೆರೆದಿಟ್ಟಿತು. 2019ರ ನವೆಂಬರಿನ ಅಥ್ಲಾನ್ 3000ಜಿ, 49 ಡಾಲರಿಗೆ ಈ ಸೌಲಭ್ಯವನ್ನು ಕೊಟ್ಟಿತು.

ಪರೀಕ್ಷೆಯ ಚರಿತ್ರೆ

ವೇಗ ಮಿತಿಮೀರಿದಾಗ ಯಂತ್ರ ನಿಂತುಹೋದರೆ ಅದು ಸಣ್ಣ ತೊಂದರೆ. ನಿಲ್ಲದೆ ತಪ್ಪು ಉತ್ತರ ಕೊಡುತ್ತಾ ಹೋದರೆ ಅದು ದೊಡ್ಡ ತೊಂದರೆ. ಚಿಪ್ಪಿನೊಳಗಿನ ಅತಿ ಉದ್ದದ ಹಾದಿಯಲ್ಲಿ ಸಂಕೇತವು ಮುಂದಿನ ಮಿಡಿತದೊಳಗೆ ಗುರಿ ಮುಟ್ಟದಿದ್ದರೆ, ಒಂದು ಇದ್ದ ಕಡೆ ಸೊನ್ನೆ ದಾಖಲಾಗಬಹುದು, ಯಾವ ಎಚ್ಚರಿಕೆಯೂ ಪರದೆಯ ಮೇಲೆ ಮೂಡದಿರಬಹುದು. ಸದ್ದಿಲ್ಲದ ತಪ್ಪು ಎಂಥದೆಂಬುದನ್ನು ಜಗತ್ತಿಗೆ ತೋರಿಸಿದ್ದು ಓವರ್‌ಕ್ಲಾಕಿಂಗ್ ಅಲ್ಲ, 1994ರ ಪೆಂಟಿಯಂ ಭಾಗಾಕಾರದ ದೋಷ. ಅಮೆರಿಕದ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವಿಭಾಜ್ಯ ಸಂಖ್ಯೆಗಳ ಲೆಕ್ಕ ಮಾಡುವಾಗ ಅದನ್ನು ಪತ್ತೆಹಚ್ಚಿದರು. ದೋಷವಿದ್ದ ಪೆಂಟಿಯಂ 4195835ನ್ನು 3145727ರಿಂದ ಭಾಗಿಸಿ 1.33382 ಎನ್ನಬೇಕಾದಲ್ಲಿ 1.33374 ಎನ್ನುತ್ತಿತ್ತು. ಅದು ವಿನ್ಯಾಸದ ದೋಷವಾಗಿದ್ದರಿಂದ ಹೊಣೆ ಇಂಟೆಲಿನದಾಯಿತು, ಕಂಪನಿ ಅದಕ್ಕಾಗಿ 47.5 ಕೋಟಿ ಡಾಲರ್ ಖರ್ಚು ತೋರಿಸಿತು. ವೇಗ ಹೆಚ್ಚಿಸಿದ್ದರಿಂದ ಹುಟ್ಟುವ ಇಂಥದೇ ತಪ್ಪಿಗೆ ಬಳಕೆದಾರನೇ ಹೊಣೆಗಾರ.

ಆ ಹೊಣೆಗೆ ಬೇಕಾದ ಸಾಧನಗಳೂ ಗಣಿತದಿಂದಲೇ ಬಂದವು. ಜಪಾನಿನ ಟೋಕಿಯೊ ವಿಶ್ವವಿದ್ಯಾಲಯದ ಯಾಸುಮಾಸಾ ಕನಡ ಅವರ ಪ್ರಯೋಗಾಲಯದ ಪೈ ಲೆಕ್ಕಾಚಾರದಿಂದ ಹುಟ್ಟಿದ ಸೂಪರ್ ಪೈ ಅವುಗಳಲ್ಲೊಂದು; ಪೈ ಬೆಲೆಯ ಅಂಕಿಗಳು ಮೊದಲೇ ತಿಳಿದಿರುವುದರಿಂದ ಯಂತ್ರದ ಉತ್ತರವನ್ನು ತಾಳೆ ನೋಡಬಹುದು. ಅದಕ್ಕಿಂತ ನಿಷ್ಠುರವಾದದ್ದು ಪ್ರೈಮ್95. ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಆರಂಭಿಸಿದ, ಮರ್ಸೆನ್ ಅವಿಭಾಜ್ಯಗಳನ್ನು ಹುಡುಕುವ ಯೋಜನೆಯ ತಂತ್ರಾಂಶವಿದು. ವಾರಗಟ್ಟಲೆ ನಡೆಯುವ ಲೆಕ್ಕದಲ್ಲಿ ಒಂದು ಅಂಕಿ ತಪ್ಪಿದರೂ ಇಡೀ ಶ್ರಮ ವ್ಯರ್ಥವಾಗುವುದರಿಂದ, ಯಂತ್ರದ ವಿಶ್ವಾಸಾರ್ಹತೆಯನ್ನು ಮೊದಲೇ ಒರೆಗೆ ಹಚ್ಚುವ ಟಾರ್ಚರ್ ಟೆಸ್ಟ್ ಎಂಬ ಕಠಿಣ ಪರೀಕ್ಷೆಯನ್ನು ಅದರಲ್ಲಿ ಅಳವಡಿಸಲಾಯಿತು. ಬೃಹತ್ ಸಂಖ್ಯೆಗಳ ಗುಣಾಕಾರವನ್ನು ದಶಮಾಂಶಗಳಲ್ಲಿ ಮಾಡಿ ಬಂದ ಉತ್ತರವನ್ನು ಹತ್ತಿರದ ಪೂರ್ಣಾಂಕಕ್ಕೆ ಹೊಂದಿಸುವಾಗ, ಅದು ಆ ಪೂರ್ಣಾಂಕದ ಸಮೀಪದಲ್ಲೇ ಇರಬೇಕು, ಅಂತರ 0.4 ದಾಟಿದರೆ ತಂತ್ರಾಂಶ ದೋಷವನ್ನು ಸಾರಿ ಪರೀಕ್ಷೆಯನ್ನು ನಿಲ್ಲಿಸುತ್ತದೆ. ಚಿಕ್ಕ ಲೆಕ್ಕಗಳು ಕ್ಯಾಶಿನೊಳಗೇ ಸುತ್ತಿ ಪ್ರೊಸೆಸರನ್ನು ಹೆಚ್ಚು ಕಾಯಿಸುತ್ತವೆ. ಮಿಶ್ರ ಪರೀಕ್ಷೆ ಮೆಮೊರಿಯನ್ನೂ ಒಳಗೊಳ್ಳುತ್ತದೆ. ಮೆಮೊರಿಗೆಂದೇ ಕ್ರಿಸ್ ಬ್ರೇಡಿ 1994ರಲ್ಲಿ ರಚಿಸಿದ ಮೆಮ್‌ಟೆಸ್ಟ್86 ಇಂದಿಗೂ ಬಳಕೆಯಲ್ಲಿದೆ.

ಇಂಥ ಪರೀಕ್ಷೆಯನ್ನು ಹಲವು ಗಂಟೆ, ಸಾಧ್ಯವಾದರೆ ಒಂದು ಹಗಲು ಒಂದು ರಾತ್ರಿ, ಎಡೆಬಿಡದೆ ನಡೆಸುವುದು ರೂಢಿಯಾಯಿತು. ಮಡಕೆ ಕೊಳ್ಳುವವರು ಬೆರಳಿನಿಂದ ಬಾರಿಸಿ ನಾದ ಕೇಳುವಂತೆ, ಇಲ್ಲಿಯೂ ಕಣ್ಣಿಗೆ ಕಾಣದ ಬಿರುಕನ್ನು ಬೇರೊಂದು ಇಂದ್ರಿಯದಿಂದ ತಿಳಿಯಬೇಕಾಗುತ್ತದೆ. ಪರೀಕ್ಷೆ ಪಾಸಾದದ್ದು ಯಂತ್ರ ನಿರ್ದೋಷಿ ಎಂಬುದಕ್ಕೆ ಪುರಾವೆಯಾಗದು, ಅಷ್ಟು ಹೊತ್ತು ಆ ಸ್ಥಿತಿಯಲ್ಲಿ ದೋಷ ಕಾಣಲಿಲ್ಲವೆಂದಷ್ಟೇ ಅರ್ಥ.

ಸ್ಥಳ ಮತ್ತು ಹವೆ: ಕುಂಭಾರಿಯ ನಿದರ್ಶನ

"ಆ ಸ್ಥಿತಿಯಲ್ಲಿ" ಎಂಬ ಮಾತಿನ ತೂಕ ಸೊಲ್ಲಾಪುರ ಸೀಮೆಯಲ್ಲಿ ಚೆನ್ನಾಗಿ ತಿಳಿಯುತ್ತದೆ. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ದಾರಿಯ ಕುಂಭಾರಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗಾಗಿ 10,000 ಮನೆಗಳ ವಸತಿ ಎದ್ದಿತು. ಮುಂದೆ ಅಸಂಘಟಿತ ಕಾರ್ಮಿಕರಿಗಾಗಿ 30,000 ಮನೆಗಳ ರೇನಗರ ಯೋಜನೆ ಬಂದು, 2024ರ ಜನವರಿಯಲ್ಲಿ ಅದರ 15,000 ಮನೆಗಳು ಹಸ್ತಾಂತರಗೊಂಡವು. ಇಂಥ ಮನೆಗಳ ವಿದ್ಯಾರ್ಥಿಗೆ ಕೈಗೆಟಕುವುದು ಅಗ್ಗದ ಪ್ರೊಸೆಸರೇ. ಅದು ಸುಟ್ಟರೆ ಮತ್ತೊಂದನ್ನು ತರುವುದು ಸುಲಭವಲ್ಲ. ಆದ್ದರಿಂದ ಪರೀಕ್ಷೆಯ ಪ್ರಶ್ನೆ ಇಲ್ಲಿ ಹವ್ಯಾಸದ ಮಟ್ಟದಲ್ಲಿ ನಿಲ್ಲುವುದಿಲ್ಲ.

ಪ್ರೊಸೆಸರು ಬಳಸುವ ವಿದ್ಯುತ್ತು ವೇಗದ ಅನುಪಾತದಲ್ಲೂ ವೋಲ್ಟೇಜಿನ ವರ್ಗದ ಅನುಪಾತದಲ್ಲೂ ಏರುತ್ತದೆ. ವೇಗವನ್ನು ಶೇ. 20ರಷ್ಟು, ಅದನ್ನು ತಾಳಲು ವೋಲ್ಟೇಜನ್ನು ಶೇ. 10ರಷ್ಟು ಏರಿಸಿದರೆ, 1.2ನ್ನು 1.21ರಿಂದ ಗುಣಿಸಿ ವಿದ್ಯುತ್ತು ಸುಮಾರು ಶೇ. 45ರಷ್ಟು ಹೆಚ್ಚುತ್ತದೆ, 65 ವ್ಯಾಟಿನ ಚಿಪ್ಪು 94 ವ್ಯಾಟಿನಷ್ಟು ಶಾಖವನ್ನು ಹೊರಹಾಕತೊಡಗುತ್ತದೆ. ಫ್ಯಾನು ಎಷ್ಟೇ ಚೆನ್ನಾಗಿದ್ದರೂ ಅದು ಚಿಪ್ಪನ್ನು ಕೋಣೆಯ ಗಾಳಿಗಿಂತ ತಂಪಾಗಿಸಲಾರದು. ಡಿಸೆಂಬರಿನಲ್ಲಿ 24 ಡಿಗ್ರಿಯ ಕೋಣೆಯಲ್ಲಿ ಪರೀಕ್ಷೆಯ ವೇಳೆ 70 ಡಿಗ್ರಿ ಮುಟ್ಟುವ ಪ್ರೊಸೆಸರು, ಮೇ ತಿಂಗಳಲ್ಲಿ ಕಾಂಕ್ರೀಟ್ ತಾರಸಿಯ ಕೆಳಗಿನ ಕೋಣೆ 40 ಡಿಗ್ರಿಗೆ ಕಾದಾಗ 86 ಡಿಗ್ರಿ ಸಮೀಪಿಸುತ್ತದೆ. ಸೊಲ್ಲಾಪುರದಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯವಾದ್ದರಿಂದ, ಚಳಿಗಾಲದಲ್ಲಿ ಪಾಸಾದ ಯಂತ್ರವನ್ನು ಬೇಸಿಗೆಯಲ್ಲಿ ಮತ್ತೆ ಪರೀಕ್ಷಿಸದೆ ನಂಬುವಂತಿಲ್ಲ. ಲೋಡ್‌ಶೆಡ್ಡಿಂಗ್‌ನಿಂದ ನಡುವೆ ಕರೆಂಟು ಹೋದರೆ ದೀರ್ಘ ಪರೀಕ್ಷೆಯನ್ನು ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಶಾಖ ಮತ್ತು ವಿದ್ಯುತ್ ಪ್ರವಾಹ ಹೆಚ್ಚಿದಂತೆ ಚಿಪ್ಪಿನ ಸೂಕ್ಷ್ಮ ತಂತಿಗಳ ಲೋಹದ ಕಣಗಳು ಸ್ಥಳ ಬಿಟ್ಟು ಸರಿದು ಆಯುಷ್ಯ ಕುಗ್ಗುವುದೂ ತಿಳಿದ ವಿಷಯ. ಜೇಮ್ಸ್ ಬ್ಲ್ಯಾಕ್ 1969ರಲ್ಲೇ ಇದಕ್ಕೆ ಸೂತ್ರ ಕೊಟ್ಟಿದ್ದರು.

ಸಮಾರೋಪ

ಹರಳು, ಟೇಪು, ಪೆನ್ಸಿಲು, ಬಯೋಸ್ ಪರದೆ ಎಂಬ ಕ್ರಮದಲ್ಲಿ ವೇಗ ಹೆಚ್ಚಿಸುವ ಕೆಲಸ ಉತ್ತರೋತ್ತರ ಸುಲಭವಾಯಿತು. 2008ರಿಂದ ಇಂಟೆಲ್ ತಂದ ಟರ್ಬೊ ಬೂಸ್ಟ್ ವ್ಯವಸ್ಥೆಯಲ್ಲಿ ಪ್ರೊಸೆಸರೇ ತನ್ನ ಬಿಸಿಯನ್ನೂ ವಿದ್ಯುತ್ತನ್ನೂ ನೋಡಿಕೊಂಡು ವೇಗವನ್ನು ಏರಿಸಿ ಇಳಿಸತೊಡಗಿದ್ದರಿಂದ, ಹಿಂದೆ ಬಳಕೆದಾರ ಕಂಡುಕೊಳ್ಳುತ್ತಿದ್ದ ಹೆಚ್ಚುವರಿ ವೇಗದ ಬಹುಪಾಲನ್ನು ಇಂದು ತಯಾರಕನೇ ಬಳಸಿಕೊಳ್ಳುತ್ತಾನೆ. ಹೀಗಾಗಿ ಬಳಕೆದಾರನಿಗೆ ಉಳಿದ ಅಂತರ ಕಿರಿದಾಗಿದೆ, ಅದನ್ನು ಪಡೆಯಲು ಬೇಕಾದ ಎಚ್ಚರ ಹೆಚ್ಚಿದೆ. 300ಎ ಪ್ರೊಸೆಸರನ್ನು 450ಕ್ಕೆ ಏರಿಸಿದವರಿಗೆ ದೊರೆತದ್ದು 520 ಡಾಲರುಗಳ ಉಳಿತಾಯ. ಅದರ ಜೊತೆಗೇ ಕಾರ್ಖಾನೆಯ ಪರೀಕ್ಷಕ ಮಾಡಬೇಕಾದ ಕೆಲಸವೂ ಅವರ ಪಾಲಿಗೆ ಬಂದಿತ್ತು. ಕುಂಭಾರಿಯ ಕೋಣೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಆ ಕೆಲಸವನ್ನು ಮಾಡಿ ಮುಗಿಸಿದ ವಿದ್ಯಾರ್ಥಿಗೆ ತನ್ನ ಯಂತ್ರದ ಮಿತಿ ಅಂಕಿಸಂಖ್ಯೆಗಳ ಸಮೇತ ಗೊತ್ತಿರುತ್ತದೆ, ಮತ್ತು ಅಗ್ಗದ ಪ್ರೊಸೆಸರು ಕೊಡಬಲ್ಲ ಅತ್ಯಂತ ಬೆಲೆಬಾಳುವ ವಸ್ತು ಆ ತಿಳಿವಳಿಕೆಯೇ.