ಸಂಯುಕ್ತ ಟರ್ಬೊ (ಡೀಸೆಲ್ ಪಿಕಪ್ ಟ್ರಕ್ಕುಗಳಲ್ಲಿ)

ಗಾತ್ರದಲ್ಲಿ ಭಿನ್ನವಾದ ಎರಡು ಟರ್ಬೊಚಾರ್ಜರುಗಳನ್ನು ಒಂದೇ ಡೀಸೆಲ್ ಎಂಜಿನಿಗೆ ಒಂದರ ಹಿಂದೊಂದಾಗಿ ಜೋಡಿಸಿ, ದೊಡ್ಡದು ಹೊರಗಿನಿಂದ ಸೆಳೆದು ಒತ್ತಿದ ಗಾಳಿಯನ್ನೇ ಚಿಕ್ಕದು ಮರಳಿ ಒತ್ತುವಂತೆ ಮಾಡುವ ವಿನ್ಯಾಸಕ್ಕೆ ಸಂಯುಕ್ತ ಟರ್ಬೊ ಎಂದು ಹೆಸರು. ಗಾಳಿಯ ಹಾದಿಗೆ ಹೊಗೆಯ ಹಾದಿ ವಿಲೋಮವಾದುದು: ಸಿಲಿಂಡರುಗಳಿಂದ ಹೊರಬೀಳುವ ಬಿಸಿ ಅನಿಲ ಮೊದಲು ಚಿಕ್ಕ ಟರ್ಬೈನನ್ನು ತಿರುಗಿಸಿ, ಅಲ್ಲಿ ವ್ಯಯವಾಗದೆ ಉಳಿದ ಬಲದಿಂದ ದೊಡ್ಡದನ್ನು ತಿರುಗಿಸಿ, ಆ ಬಳಿಕವೇ ಹೊಗೆಕೊಳವೆಯನ್ನು ಸೇರುತ್ತದೆ.

ಈ ವಿನ್ಯಾಸದ ಚರಿತ್ರೆಯನ್ನು ಬರೆಯಹೊರಟವನಿಗೆ ಮೊದಲ ತೊಡಕು ಹೆಸರಿನದೇ. ಅಮೆರಿಕದ ಗ್ಯಾರೇಜುಗಳಲ್ಲಿ ಇದನ್ನು ‘ಟ್ವಿನ್ಸ್’ ಎಂದು ಕರೆಯುವ ರೂಢಿಯುಂಟು. ಆದರೆ ಟ್ವಿನ್ ಟರ್ಬೊ ಎಂಬುದು ಸಮಗಾತ್ರದ ಎರಡು ಟರ್ಬೊಗಳು ಎಂಜಿನಿನ ಒಂದೊಂದು ಪಾರ್ಶ್ವಕ್ಕೆ ಬೇರೆಬೇರೆಯಾಗಿ ಗಾಳಿಯೂಡುವ ಸಮಾಂತರ ಜೋಡಣೆಗೂ ಸಲ್ಲುವ ಮಾತಾದ್ದರಿಂದ, ಬರಿಯ ಹೆಸರನ್ನು ನಂಬಿ ನಡೆದವನು ದಾರಿ ತಪ್ಪುವುದು ಸಹಜ. ‘ಟರ್ಬೊ ಕಾಂಪೌಂಡ್’ ಎಂಬ ಇನ್ನೊಂದು ಪದವಂತೂ ಪೂರ್ತಿ ಬೇರೆ ವಸ್ತು: ಅಲ್ಲಿ ಹೊಗೆಯಿಂದ ತಿರುಗುವ ಟರ್ಬೈನು ಗಾಳಿಯನ್ನು ಒತ್ತದೆ, ಗಿಯರುಗಳ ಮೂಲಕ ತನ್ನ ಬಲವನ್ನು ಎಂಜಿನಿನ ಅಚ್ಚಿಗೇ ನೇರವಾಗಿ ಧಾರೆಯೆರೆಯುತ್ತದೆ. ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಸಂಸ್ಥೆ ಐವತ್ತರ ದಶಕದಲ್ಲಿ ಹಾರಿಸುತ್ತಿದ್ದ ಸೂಪರ್ ಕಾನ್ಸ್‌ಟಲೇಷನ್ ವಿಮಾನಗಳ ರೈಟ್ ಎಂಜಿನುಗಳು ಈ ಬಗೆಯವು. ಪಿಕಪ್ಪಿನ ಸಂಯುಕ್ತ ಟರ್ಬೊವಿಗೂ ಅವಕ್ಕೂ ಹೆಸರಿನ ನಂಟಲ್ಲದೆ ಬೇರೆ ನಂಟಿಲ್ಲ. ‘ಸಂಯುಕ್ತ’ ಎಂಬ ವಿಶೇಷಣವಾದರೋ ಉಗಿಯಂತ್ರದ ಪರಂಪರೆಯಿಂದ ಬಂದುದು. ಚಿಕ್ಕ ಸಿಲಿಂಡರಿನಲ್ಲಿ ಒಮ್ಮೆ ಹಿಗ್ಗಿದ ಉಗಿ ದೊಡ್ಡ ಸಿಲಿಂಡರಿನಲ್ಲಿ ಮರಳಿ ಹಿಗ್ಗಿ ದುಡಿಯುತ್ತಿದ್ದಂತೆಯೇ ಇಲ್ಲಿ ಹೊಗೆಯೂ ಎರಡು ಸಲ ದುಡಿಯುವುದರಿಂದ, ಬಳಕೆಯಲ್ಲಿರುವ ಹೆಸರುಗಳಲ್ಲೆಲ್ಲ ಇದೇ ಯುಕ್ತವಾದುದು.

ಎರಡನೆಯ ತೊಡಕು ಲೆಕ್ಕದ್ದು. ಎರಡು ಟರ್ಬೊಗಳ ಒತ್ತಡವನ್ನು ಕೂಡಿಸಿದರೆ ಒಟ್ಟು ಒತ್ತಡ ಬರುವುದೆಂಬ ಭ್ರಾಂತಿ ಬಹುಕಾಲದಿಂದ ಪ್ರಚಾರದಲ್ಲಿದೆ. ವಾಸ್ತವವಾಗಿ ಇಲ್ಲಿ ನಡೆಯುವುದು ಸಂಕಲನವಲ್ಲ, ಗುಣಾಕಾರ. ಸಮುದ್ರಮಟ್ಟದಲ್ಲಿ ಚದರ ಅಂಗುಲಕ್ಕೆ 14.7 ಪೌಂಡಿರುವ ವಾಯುಮಂಡಲದ ಒತ್ತಡವನ್ನು ದೊಡ್ಡ ಟರ್ಬೊ ಇಮ್ಮಡಿಸಿದರೆ 29.4 ಆಗುತ್ತದೆ, ಚಿಕ್ಕದು ಅದನ್ನು ಮತ್ತೆ ಇಮ್ಮಡಿಸಿದರೆ 58.8. ವಾಯುಮಂಡಲದ ಪಾಲನ್ನು ಕಳೆದು ತೋರಿಸುವ ಮಾಪಕದ ಮುಳ್ಳು ಆಗ ಸುಮಾರು 44ರ ಮೇಲೆ ನಿಲ್ಲುತ್ತದೆಯೇ ಹೊರತು, ಕೂಡಿಸುವವರು ನಿರೀಕ್ಷಿಸುವ 29ರ ಮೇಲಲ್ಲ. ಈ ಎತ್ತರವನ್ನು ಒಂದೇ ಟರ್ಬೊವಿನಿಂದ ಮುಟ್ಟಲು ಹೊರಟರೆ ಗಾಳಿ ವಿಪರೀತವಾಗಿ ಕಾಯುತ್ತದೆ, ದಕ್ಷತೆ ಕುಸಿಯುತ್ತದೆ. ಅಲ್ಲದೆ ಅಷ್ಟು ದೊಡ್ಡ ಚಕ್ರ ಎಂಜಿನಿನ ಮಂದಗತಿಯಲ್ಲಿ ಬೇಗನೆ ವೇಗ ಪಡೆಯದೆ, ಚಾಲಕ ಪೆಡಲನ್ನು ತುಳಿದರೂ ಕರಿಹೊಗೆಯನ್ನಷ್ಟೇ ಕಾಣಬೇಕಾಗುತ್ತದೆ.

ಟರ್ಬೊಚಾರ್ಜರಿನ ಮೂಲ ಸ್ವಿಸ್ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಶಿಯ 1905ರ ಪೇಟೆಂಟಿಗೆ ಹೋಗುತ್ತದೆಂಬುದು ಸುಪ್ರಸಿದ್ಧ. ಗಾಳಿಯನ್ನು ಎರಡು ಹಂತಗಳಲ್ಲಿ ಒತ್ತುವ ಪದ್ಧತಿಗೆ ಎರಡನೆಯ ಮಹಾಯುದ್ಧದ ವಿಮಾನಗಳೇ ಪಾಠಶಾಲೆಯಾದವು: ಲಾಕ್‌ಹೀಡ್ ಪಿ-38ರಲ್ಲಿ ಟರ್ಬೊ ಒತ್ತಿದ ಗಾಳಿ ನಡುವೆ ತಣಿದು, ಎಂಜಿನಿನಿಂದಲೇ ತಿರುಗುವ ಮತ್ತೊಂದು ಸಂಪೀಡಕವನ್ನು ಹೊಗುತ್ತಿತ್ತು. ಡೀಸೆಲಿನ ಕಡೆಗೆ ಬಂದರೆ, 1952ರ ಇಂಡಿಯಾನಪೊಲಿಸ್ ಪಂದ್ಯದಲ್ಲಿ ಎಂಜಿನ್ ತಯಾರಕರಾದ ಕಮಿನ್ಸ್ ಕಂಪನಿಯ ಒಂಟಿ ಟರ್ಬೊ ಡೀಸೆಲ್ ಕಾರು ಅರ್ಹತಾ ಓಟದಲ್ಲಿ ಎಲ್ಲವನ್ನೂ ಹಿಂದೆಹಾಕಿ ಅಗ್ರಸ್ಥಾನ ಪಡೆದು, ಪಂದ್ಯದಲ್ಲಿ ಮಾತ್ರ ಟರ್ಬೊವಿನ ಗಾಳಿಬಾಯಿಗೆ ಕಸ ಕಟ್ಟಿದ್ದರಿಂದ 71 ಸುತ್ತುಗಳಿಗೆ ನಿಂತುಹೋಯಿತು. ಮುಂದೆ ಅದೇ ಕಂಪನಿ ಗಣಿ ಮುಂತಾದ ಭಾರೀ ಉದ್ಯಮಗಳಿಗಾಗಿ ಕೆಟಿಟಿಎ ಎಂಬ ಶ್ರೇಣಿಯ ಎರಡು ಹಂತದ ಟರ್ಬೊ ಎಂಜಿನುಗಳನ್ನು ತಯಾರಿಸಿತು.

ಪಿಕಪ್ಪಿಗೆ ಈ ವಿದ್ಯೆ ಇಳಿದುಬಂದುದಾದರೋ ಗಣಿಗಿಂತ ಹೆಚ್ಚಾಗಿ ಅಮೆರಿಕದ ಮೆಕ್ಕೆಜೋಳದ ಸೀಮೆಯ ಮಣ್ಣಿನ ಅಂಕಣಗಳಿಂದ. ಎಳೆದಷ್ಟೂ ಭಾರ ಮುಂದಕ್ಕೆ ಸರಿದು ನೆಲವನ್ನು ಕಚ್ಚುವ ಬಂಡಿಯನ್ನು ಟ್ರ್ಯಾಕ್ಟರಿನಿಂದ ಎಳೆಯಿಸುವ ಸ್ಪರ್ಧೆಗಳಿಗೆ ಅಮೆರಿಕದಲ್ಲಿ 1969ರಲ್ಲಿ ರಾಷ್ಟ್ರೀಯ ಸಂಘವೊಂದು ಏರ್ಪಟ್ಟಿತು; ಅದರಲ್ಲಿ ಭಾಗವಹಿಸಿದ ರೈತರು ಒಂದು ಟರ್ಬೊವಿನ ಗಾಳಿಯನ್ನು ಇನ್ನೊಂದಕ್ಕೆ ಊಡಿ, ಕಾದ ಗಾಳಿಯನ್ನು ನೀರೆರಚಿ ತಣಿಸಿ, ಕಾರ್ಖಾನೆಯವರು ಕನಸಿನಲ್ಲೂ ಎಣಿಸದ ಒತ್ತಡಗಳನ್ನು ಸಾಧಿಸಿದರು. ಕೆಲವು ವರ್ಗಗಳಲ್ಲಿ ಒಂದೇ ಟರ್ಬೊ ಇರತಕ್ಕದ್ದೆಂಬ ನಿಬಂಧನೆ ಬಂದುದರಿಂದಲೇ ಈ ಸಾಧನೆಯ ಪ್ರಭಾವವನ್ನು ಊಹಿಸಬಹುದು.

ನಿಜವಾದ ತಿರುವು 1989ರದು. ಆ ವರ್ಷದ ಮಾದರಿಯ ಡಾಜ್ ರ್‍ಯಾಮ್ ಪಿಕಪ್ಪಿನಲ್ಲಿ ಬಂದ 5.9 ಲೀಟರಿನ, ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿರುವ ಕಮಿನ್ಸ್ ಎಂಜಿನು ಕೇವಲ 160 ಅಶ್ವಶಕ್ತಿಯದಾಗಿದ್ದರೂ, ದುಡಿಮೆಯ ಯಂತ್ರಗಳಿಗೆಂದು ರೂಪುಗೊಂಡ ಬೀಡುಕಬ್ಬಿಣದ ಬಲಿಷ್ಠ ಕಾಯ ಅದರದಾಗಿತ್ತು. 1994ರಿಂದ 1998ರವರೆಗಿನ ಟ್ರಕ್ಕುಗಳಿಗೆ ತೊಡಿಸಿದ ಬಾಷ್ ಪಿ7100 ಇಂಧನ ಪಂಪು ಸಂಪೂರ್ಣ ಯಾಂತ್ರಿಕವಾದುದು. ಗಣಕದ ಹಂಗಿಲ್ಲದೆ, ಸಾಮಾನ್ಯ ಹತ್ಯಾರುಗಳಿಂದಲೇ ಡೀಸೆಲಿನ ಪ್ರಮಾಣವನ್ನು ಹಲವು ಪಾಲು ಏರಿಸಬಹುದಾಗಿತ್ತು. ಇಂಧನ ಸುಲಭವಾಗಿ ಹೆಚ್ಚಿತು, ಅದನ್ನು ಸುಡುವ ಗಾಳಿ ಸಾಲದಾಯಿತು. ಆ ಕೊರತೆಯೇ ಎರಡನೆಯ ಟರ್ಬೊವಿನ ಜನನಿ. ಕಾರ್ಖಾನೆಯಿಂದ ಬಂದ ಹೋಲ್ಸೆಟ್ ಎಚ್‌ಎಕ್ಸ್35 ಟರ್ಬೊವನ್ನೇ ಚಿಕ್ಕದನ್ನಾಗಿ ಉಳಿಸಿಕೊಂಡು, ಬೋರ್ಗ್‌ವಾರ್ನರಿನ ಎಸ್400 ವರ್ಗದ ದೊಡ್ಡದೊಂದನ್ನು ಅದರ ಬಳಿ ಕೂರಿಸುವುದು ಪ್ರಚಲಿತ ಕ್ರಮವಾಯಿತು. ಒಂದೇ ಸಾಲಿನ ಎಂಜಿನಿನ ಪಕ್ಕದಲ್ಲಿ ಇದಕ್ಕೆ ಅವಕಾಶವುಂಟು. ಎಂಟು ಸಿಲಿಂಡರುಗಳು ‘ವಿ’ ಆಕಾರದಲ್ಲಿ ನಿಂತ ಫೋರ್ಡ್ ಹಾಗೂ ಡ್ಯೂರಾಮ್ಯಾಕ್ಸ್ ಎಂಜಿನುಗಳಲ್ಲಿ ಟರ್ಬೊ ನಡುವಿನ ಕಣಿವೆಯಲ್ಲಿ ಹುದುಗಿರುವುದರಿಂದ ಕೊಳವೆಗಳನ್ನು ಬಲು ಬಳಸಿ ತರಬೇಕು.

ಜೋಡಣೆಯ ಕಷ್ಟ ಕೊಳವೆಗಳಲ್ಲೇ ಮುಗಿಯುವುದಿಲ್ಲ. ಟರ್ಬೊವಿನ ಅಚ್ಚನ್ನು ನೆನೆಸಿದ ಎಣ್ಣೆ ತನ್ನ ಭಾರದಿಂದಲೇ ಕೆಳಗಿಳಿದು ಎಣ್ಣೆತೊಟ್ಟಿಯನ್ನು ಸೇರಬೇಕಾದ್ದರಿಂದ, ದೊಡ್ಡದನ್ನು ತೀರ ತಗ್ಗಿನಲ್ಲಿ ಕೂರಿಸಿದರೆ ಎಣ್ಣೆ ಹಿಮ್ಮೆಟ್ಟಿ ಹೊಗೆಗೆ ಸೇರುತ್ತದೆ. ಚಿಕ್ಕ ಟರ್ಬೈನು ಅತಿವೇಗಕ್ಕೆ ಹೋಗದಂತೆ ಅನಿಲದ ಒಂದು ಪಾಲನ್ನು ನೇರವಾಗಿ ದೊಡ್ಡದಕ್ಕೆ ಬಿಡುವ ವೇಸ್ಟ್‌ಗೇಟ್ ಬಾಗಿಲು ಸಾಕಷ್ಟು ಅಗಲವಾಗಿರಬೇಕು. ಕಿರಿದಾದರೆ ಹೊಗೆಯ ಒತ್ತಡ ಗಾಳಿಯ ಒತ್ತಡವನ್ನು ಬಹುವಾಗಿ ಮೀರಿ ಎಂಜಿನಿನ ಉಸಿರು ಕಟ್ಟುತ್ತದೆ. ಸಿಲಿಂಡರಿನ ಮುಚ್ಚಳವನ್ನು ಹಿಡಿದಿರುವ ಮೂಲ ಬೋಲ್ಟುಗಳು ಈ ಒತ್ತಡಕ್ಕೆ ಮಣಿದು ಗ್ಯಾಸ್ಕೆಟ್ ಒಡೆಯುವುದರಿಂದ, ಅವುಗಳ ಬದಲಿಗೆ ಹೆಚ್ಚು ಗಟ್ಟಿಯಾದ ಸ್ಟಡ್‌ಗಳನ್ನು ಹಾಕುವುದು ರೂಢಿ.

ಕಂಪನಿಗಳೇ ಈ ವಿನ್ಯಾಸವನ್ನು ಅಂಗೀಕರಿಸಿದುದು ತಡವಾಗಿ. 2008ರ ಮಾದರಿಯ ಫೋರ್ಡ್ ಸೂಪರ್ ಡ್ಯೂಟಿಯ 6.4 ಲೀಟರ್ ಎಂಜಿನು ಎರಡು ಟರ್ಬೊಗಳ ಸರಣಿಯೊಡನೆ 350 ಅಶ್ವಶಕ್ತಿ ಪಡೆದಿತ್ತು. 2011ರಲ್ಲಿ ಅದರ ಸ್ಥಾನಕ್ಕೆ ಬಂದ 6.7 ಲೀಟರಿನದು ಒಂಟಿ ಟರ್ಬೊವಿಗೆ ಮರಳಿತು. ಫೋಕ್ಸ್‌ವ್ಯಾಗನ್ ಅಮರೋಕ್ (2010), ಕಮಿನ್ಸ್ ಎಂಜಿನುಳ್ಳ ನಿಸ್ಸಾನ್ ಟೈಟನ್ ಎಕ್ಸ್‌ಡಿ (2016) ಮುಂತಾದವು ಈ ಸಾಲಿಗೆ ಸೇರಿದರೂ, ಅವುಗಳ ಗುರಿ ಮಂದಗತಿಯಲ್ಲಿ ಸೆಳೆತವೂ ಹೊಗೆಯ ಹತೋಟಿಯೂ ಆಗಿತ್ತಲ್ಲದೆ ಅಂಕಣದ ಬಲವಲ್ಲ. ಆದ್ದರಿಂದ ಪಿಕಪ್ಪಿನ ಸಂಯುಕ್ತ ಟರ್ಬೊವನ್ನು 2008ರಿಂದ ಎಣಿಸುವುದು ಸರಿಯಲ್ಲ.

ಈಚಿನ ಘಟ್ಟ ಕಾಯಿದೆಯದು. ಮಸಿಯನ್ನು ಸೋಸುವ ಶೋಧಕ 2007ರ ಸುಮಾರಿಗೆ ಅಮೆರಿಕದ ಡೀಸೆಲ್ ಪಿಕಪ್ಪುಗಳಿಗೆ ಬಂದ ತರುವಾಯ, ಬಲವರ್ಧನೆಯ ಹೆಸರಿನಲ್ಲಿ ಅದನ್ನು ಕಿತ್ತೆಸೆಯುವ ಪರಿಪಾಠ ಬೆಳೆಯಿತು. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2020ರ ವರದಿಯಲ್ಲಿ, ಹಿಂದಿನ ಸುಮಾರು ಒಂದು ದಶಕದಲ್ಲಿ 5,50,000ಕ್ಕೂ ಹೆಚ್ಚು ಡೀಸೆಲ್ ಪಿಕಪ್ಪುಗಳ ಹೊಗೆನಿಯಂತ್ರಣ ಸಾಧನಗಳನ್ನು ತೆಗೆಯಲಾಗಿದೆಯೆಂದು ಅಂದಾಜಿಸಿತು. ಎರಡನೆಯ ಟರ್ಬೊವನ್ನು ತೊಡಿಸುವುದೂ ಶೋಧಕವನ್ನು ಕೀಳುವುದೂ ಒಂದೇ ಅಪರಾಧವಲ್ಲವಾದರೂ, ಇವೆರಡೂ ಅನೇಕ ವೇಳೆ ಒಂದೇ ಕೈಯ ಕೆಲಸವಾಗಿದ್ದುದರಿಂದ ಸಂಶಯದ ನೆರಳು ಮೊದಲನೆಯದರ ಮೇಲೂ ಬಿದ್ದಿತು. ಶೋಧಕವೇ ಇಲ್ಲದ ತೊಂಬತ್ತರ ದಶಕದ ಯಾಂತ್ರಿಕ ಪಂಪಿನ ಟ್ರಕ್ಕುಗಳಿಗೆ ಈ ಕಸುಬಿನವರಲ್ಲಿ ಇಂದಿಗೂ ಇರುವ ಮನ್ನಣೆಗೆ ಇದೂ ಒಂದು ಕಾರಣ.